ಹಸಿರು ಕಂಡೊಡನೆ ಕುರ್ಚಿ ಬಿಡಬೇಡಿ: ಗೇಟ್‌ವೇ ಇಂಟರ್‌ಫೇಸ್ ಲ್ಯಾಬಿಗೆ ಬರುವವರು ಮಾಡಬೇಕಾದ್ದು, ಮಾಡಬಾರದ್ದು

ಎನ್‌ಎಸ್‌ಎಕ್ಸ್ ಪರೀಕ್ಷೆಗೆ ಓದುತ್ತಿರುವವರು, ಓದದೆಯೇ ಲ್ಯಾಬಿನಲ್ಲಿ ಬಂದು ಕೂರುವವರು, ಇಬ್ಬರೂ ಇದನ್ನು ಓದತಕ್ಕದ್ದು. ಹೋದ ಬ್ಯಾಚಿನಲ್ಲಿ ಬಾಗಿಲಿಗೆ ಅಂಟಿಸಿದ್ದ ಒಂದು ಹಾಳೆಯ ನೋಟಿಸನ್ನು ಯಾರೂ ಓದಿರಲಿಲ್ಲ. ಸರ್ವರಿನ ಸ್ಥಿತಿ ನೋಡಿದಾಗಲೇ ಅದು ಗೊತ್ತಾಯಿತು. ಆದ್ದರಿಂದ ಈ ಸಲ ಉದ್ದವಾಗಿ ಬರೆದಿದ್ದೇನೆ, ಕಾರಣಗಳನ್ನೂ ಸೇರಿಸಿದ್ದೇನೆ. ಕಾರಣ ತಿಳಿಯದ ನಿಯಮವನ್ನು ನಮ್ಮ ಜನ ಹೆಲ್ಮೆಟ್ಟಿನ ಹಾಗೆ ಮೊಣಕೈಗೆ ಹಾಕಿಕೊಂಡು ಓಡಾಡುತ್ತಾರೆ.

ಶುರುವಿಗೇ ಹೆಸರಿನ ಗೋಜಲು ಬಿಡಿಸಿಕೊಳ್ಳಿ. 2012ರಲ್ಲಿ ವಿಎಂವೇರ್ ನಿಸಿರಾ ಎಂಬ ಕಂಪನಿಯನ್ನು ಕೊಂಡಿತು, ಎನ್‌ಎಸ್‌ಎಕ್ಸ್ ಹುಟ್ಟಿದ್ದು ಅಲ್ಲಿಂದ. ಮುಂದೆ ಎನ್‌ಎಸ್‌ಎಕ್ಸ್-ಟಿ ಬಂತು, 2022ರ 4.0 ಆವೃತ್ತಿಗೆ ಬಾಲದ ‘ಟಿ’ ಉದುರಿತು, 2023ರ ನವೆಂಬರಿನಲ್ಲಿ ವಿಎಂವೇರ್ ಕಂಪನಿಯೇ ಬ್ರಾಡ್‌ಕಾಮ್ ಪಾಲಾಯಿತು. ಹಳೆಯ ಪುಸ್ತಕದ ‘ಲಾಜಿಕಲ್ ಸ್ವಿಚ್’ ಈಗಿನ ಸೆಗ್ಮೆಂಟ್. ‘ಲಾಜಿಕಲ್ ರೂಟರ್’ ಈಗಿನ ಗೇಟ್‌ವೇ. ಪರದೆಯಲ್ಲಿ ಮ್ಯಾನೇಜರ್ ಮೋಡ್, ಪಾಲಿಸಿ ಮೋಡ್ ಎಂದು ಎರಡು ಕಂಡರೆ ಪಾಲಿಸಿಯಲ್ಲೇ ಕೆಲಸ ಮಾಡಿ. ಒಂದನ್ನು ಇಲ್ಲಿ ಮಾಡಿ ಇನ್ನೊಂದನ್ನು ಅಲ್ಲಿ ಮಾಡಿ, ಆಮೇಲೆ ‘ಸರ್, ನಾನು ಮಾಡಿದ್ದ ಸೆಗ್ಮೆಂಟೇ ಕಾಣ್ತಿಲ್ಲ’ ಎಂದು ಬರಬೇಡಿ.

ಮೌಸ್ ಮುಟ್ಟುವ ಮೊದಲು

ಹಾಳೆ ತೆಗೆದುಕೊಳ್ಳಿ. ಮೇಲೆ ಹೊರಗಿನ ರೂಟರ್, ಅದರ ಕೆಳಗೆ ಎರಡು ಎಡ್ಜ್, ಆಮೇಲೆ ಟಿಯರ್-0, ಟಿಯರ್-1, ಸೆಗ್ಮೆಂಟ್, ಕೊನೆಗೆ ವಿಎಂ. ರೂಟರಿನಿಂದ ಎಡ್ಜಿಗೆ ಎಳೆದ ಪ್ರತಿ ಗೆರೆಯ ಮೇಲೂ ಮೂರು ವಿಷಯ ಬರೆಯತಕ್ಕದ್ದು: ವಿಲ್ಯಾನ್ ಸಂಖ್ಯೆ, ಈ ತುದಿಯ ವಿಳಾಸ, ಆ ತುದಿಯ ವಿಳಾಸ. ಮೂರರಲ್ಲಿ ಒಂದು ಖಾಲಿ ಉಳಿದರೂ ಪರದೆ ತೆರೆಯಕೂಡದು.

ನಮ್ಮ ಲ್ಯಾಬಿನ ಲೆಕ್ಕ ಹೀಗಿದೆ. ವಿಲ್ಯಾನ್ 101ಕ್ಕೆ 192.168.101.0/24, ರೂಟರ್ 192.168.101.1, ಎಡ್ಜ್ ಒಂದು 192.168.101.11, ಎಡ್ಜ್ ಎರಡು 192.168.101.12. ವಿಲ್ಯಾನ್ 102ಕ್ಕೂ ಇದೇ ಪಾಠ, ಮೂರನೆಯ ಅಂಕಿ ಮಾತ್ರ 102. ಎರಡು ಎಡ್ಜ್, ಎರಡು ವಿಲ್ಯಾನ್, ಅಂದರೆ ನಾಲ್ಕು ಇಂಟರ್‌ಫೇಸ್. ಹಾಳೆಯಲ್ಲಿ ಮೂರು ಬಂದರೆ ಎಣಿಕೆ ತಪ್ಪಿದೆ. ಐದು ಬಂದರೆ ಹೋಗಿ ಮುಖ ತೊಳೆದುಕೊಂಡು ಬನ್ನಿ.

ಟಿಯರ್-0 ಆಕ್ಟಿವ್-ಆಕ್ಟಿವ್ ಆಗಿರಬೇಕೋ ಆಕ್ಟಿವ್-ಸ್ಟ್ಯಾಂಡ್‌ಬೈ ಆಗಿರಬೇಕೋ ಎಂಬುದನ್ನು ಹಾಳೆಯ ಮೇಲೇ ತೀರ್ಮಾನಿಸಿ. ಆಮೇಲೆ ನೋಡೋಣ ಎಂದು ಮುಂದೆ ಹೋಗಬೇಡಿ. ಒಂದಕ್ಕಿಂತ ಹೆಚ್ಚು ಎಡ್ಜ್‌ಗಳ ಮೇಲೆ ಅಪ್‌ಲಿಂಕ್ ಕೂರಿಸಿದ ಮೇಲೆ ಆ ಮೋಡ್ ಬದಲಿಸಲು ಎನ್‌ಎಸ್‌ಎಕ್ಸ್ ಬಿಡುವುದಿಲ್ಲ. ಕೂರಿಸಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಬೇಕು. ಪ್ರಶ್ನೆಯಲ್ಲಿ ‘ಎಚ್‌ಎ ವಿಐಪಿ’ ಎಂಬ ಮಾತು ಇದ್ದರೆ, ಅಥವಾ ಟಿಯರ್-0 ಮೇಲೆ ಐಪಿಸೆಕ್ ವಿಪಿಎನ್ ಕೇಳಿದ್ದರೆ, ಅದು ಆಕ್ಟಿವ್-ಸ್ಟ್ಯಾಂಡ್‌ಬೈ. ‘ಎಲ್ಲ ಎಡ್ಜ್‌ಗಳೂ ಏಕಕಾಲಕ್ಕೆ ಹೊರಗಿನ ಟ್ರಾಫಿಕ್ ಒಯ್ಯಬೇಕು’ ಎಂದಿದ್ದರೆ ಆಕ್ಟಿವ್-ಆಕ್ಟಿವ್. ಪ್ರಶ್ನೆ ಬರೆದವರು ಆ ಒಂದು ಪದವನ್ನು ಮೂರನೆಯ ಸಾಲಿನ ನಡುವೆ ಎಲ್ಲೋ ತುರುಕಿರುತ್ತಾರೆ. ಅದನ್ನು ಹುಡುಕುವುದೇ ಅರ್ಧ ಪರೀಕ್ಷೆ.

ಯಾವ ಬಗೆಯ ಇಂಟರ್‌ಫೇಸ್

ಇಂಟರ್‌ಫೇಸ್ ಸೇರಿಸುವ ಕಡೆ ಬಗೆ ಕೇಳುತ್ತದೆ: ಎಕ್ಸ್‌ಟರ್ನಲ್, ಸರ್ವಿಸ್, ಲೂಪ್‌ಬ್ಯಾಕ್. ಎಕ್ಸ್‌ಟರ್ನಲ್ ಅಂದರೆ ತಲೆಬಾಗಿಲು. ಹೊರಗಿನ ರೂಟರಿಗೆ ಮುಖ ಮಾಡಿರುವುದು ಇದೇ. ಇದಕ್ಕೆ ವಿಲ್ಯಾನ್ ಸೆಗ್ಮೆಂಟ್ ಬೇಕು, ಯಾವ ಎಡ್ಜ್ ಮೇಲೆ ಕೂರಬೇಕು ಎಂಬುದನ್ನೂ ಆರಿಸಬೇಕು. ಸರ್ವಿಸ್ ಅಂದರೆ ಹಿತ್ತಿಲ ಬಾಗಿಲು: ಓವರ್‌ಲೇ ಒಳಗಿಲ್ಲದ, ವಿಲ್ಯಾನ್‌ನಲ್ಲೇ ಕೂತಿರುವ ಮಷಿನ್‌ಗಳಿಗೂ ಈ ಗೇಟ್‌ವೇಯ ಸೇವೆ ಸಿಗಲಿ ಎಂದು ಇಡುವಂಥದ್ದು. ಟಿಯರ್-1ರಲ್ಲಿ ಸರ್ವಿಸ್ ಇಂಟರ್‌ಫೇಸ್ ಬೇಕಾದರೆ ಆ ಟಿಯರ್-1ಕ್ಕೆ ಎಡ್ಜ್ ಕ್ಲಸ್ಟರ್ ಕೊಟ್ಟಿರತಕ್ಕದ್ದು. ಕೊಡದಿದ್ದರೆ ಅದಕ್ಕೆ ಸರ್ವಿಸ್ ರೂಟರೇ ಇರುವುದಿಲ್ಲ, ಬಾಗಿಲು ಇಡಲು ಗೋಡೆಯೇ ಇಲ್ಲ ಎಂದ ಹಾಗೆ. ಲೂಪ್‌ಬ್ಯಾಕ್‌ಗೆ ಸೆಗ್ಮೆಂಟ್ ಬೇಡ. ಕೇಬಲ್ ಬಿದ್ದರೂ ಬೀಳದ ವಿಳಾಸ ಬೇಕಾದಾಗ ಅದು.

ಟಿಯರ್-0, ಟಿಯರ್-1 ನಡುವಿನ ಕೊಂಡಿಯನ್ನು ಕೈಯಾರೆ ಕಟ್ಟಲು ಹೋಗಬೇಡಿ. ಟಿಯರ್-1ರ ಫಾರ್ಮಿನಲ್ಲಿ ಟಿಯರ್-0 ಆರಿಸಿದ ಕ್ಷಣ ಅದು ತಾನಾಗಿಯೇ ಆಗುತ್ತದೆ. ವಿಳಾಸವನ್ನೂ 100.64.0.0/16 ಕಟ್ಟಿನಿಂದ ತಾನೇ ತೆಗೆದುಕೊಳ್ಳುತ್ತದೆ, ಒಂದೊಂದು ಕೊಂಡಿಗೆ ಒಂದು /31. ಅದೇ ಕಾರಣಕ್ಕೆ ಹೊರಗಿನ ಲಿಂಕಿಗೋ ಸೆಗ್ಮೆಂಟಿಗೋ 100.64ರಿಂದ ಶುರುವಾಗುವ ವಿಳಾಸ ಕೊಡಕೂಡದು. ಗೇಟ್‌ವೇಯ ಒಳಗೇ ಡಿಸ್ಟ್ರಿಬ್ಯೂಟೆಡ್ ಭಾಗಕ್ಕೂ ಸರ್ವಿಸ್ ಭಾಗಕ್ಕೂ ನಡುವೆ 169.254.0.0/24 ಓಡಾಡುತ್ತಿರುತ್ತದೆ. ಟ್ರೇಸ್ ಮಾಡಿದಾಗ ಅದು ಕಂಡರೆ ಗಾಬರಿಯಾಗಿ ಅಳಿಸಲು ಓಡಬೇಡಿ.

ವಿಲ್ಯಾನ್ ಸಂಖ್ಯೆ ಒಂದೇ ಕಡೆ

ಈ ನೋಟಿಸಿನಲ್ಲಿ ಒಂದೇ ಒಂದು ಪ್ಯಾರಾ ಓದುವ ಸೋಮಾರಿಗಳು ಇದನ್ನು ಓದಿ.

ಎಡ್ಜ್ ಒಂದು ವಿಎಂ. ಅದಕ್ಕೆ ಎಥ್0 ಎಂಬ ಮ್ಯಾನೇಜ್‌ಮೆಂಟ್ ಕಾರ್ಡಿದೆ. ಟ್ರಾಫಿಕ್ಕಿಗೆ ಎಫ್‌ಪಿ-ಎಥ್0, ಎಫ್‌ಪಿ-ಎಥ್1 ಎಂಬ ಬೇರೆ ಕಾರ್ಡುಗಳಿವೆ. ಈ ಟ್ರಾಫಿಕ್ ಕಾರ್ಡುಗಳು ವಿಸ್ಫಿಯರ್ ಕಡೆಯ ಯಾವುದೋ ಪೋರ್ಟ್‌ಗ್ರೂಪಿಗೆ ಸಿಕ್ಕಿಸಿರುತ್ತವೆ. ಇತ್ತ ಎನ್‌ಎಸ್‌ಎಕ್ಸ್‌ನಲ್ಲಿ ನೀವು ಮಾಡುವ ವಿಲ್ಯಾನ್ ಸೆಗ್ಮೆಂಟಿಗೂ 101 ಎಂದು ಸಂಖ್ಯೆ ಕೊಡುತ್ತೀರಿ. ಪೋರ್ಟ್‌ಗ್ರೂಪಿನಲ್ಲೂ 101 ಎಂದೇ ಕೊಟ್ಟುಬಿಟ್ಟರೆ ಏನಾಗುತ್ತದೆ? ಎಡ್ಜ್ ತನ್ನ ಫ್ರೇಮಿಗೆ 101ರ ಚೀಟಿ ಅಂಟಿಸಿ ಕಳಿಸುತ್ತದೆ. ಚೀಟಿ ಅಂಟಿಸುವುದು ತನ್ನ ಕೆಲಸ ಎಂದುಕೊಂಡಿರುವ ಪೋರ್ಟ್‌ಗ್ರೂಪು ಚೀಟಿಯಿಲ್ಲದ ಫ್ರೇಮಿಗೆ ಕಾಯುತ್ತಿರುತ್ತದೆ. ಫ್ರೇಮು ದಾಟುವುದಿಲ್ಲ. ಮದುವೆ ಮನೆಯಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ‘ನಾವೇ ಬಡಿಸ್ತೀವಿ’ ಎಂದು ನಿಂತರೆ ಎಲೆಯ ಮುಂದೆ ಕೂತವನಿಗೆ ಊಟ ಸಿಗದು, ಹಾಗೆ.

ಮಾಡಬೇಕಾದ್ದು ಇಷ್ಟೇ: ಎಡ್ಜಿನ ಟ್ರಾಫಿಕ್ ಕಾರ್ಡು ಸಿಕ್ಕಿಸಿದ ಪೋರ್ಟ್‌ಗ್ರೂಪನ್ನು ಟ್ರಂಕ್ ಮಾಡಿ, 0ರಿಂದ 4094ರವರೆಗೆ. ಸಂಖ್ಯೆ ಸೆಗ್ಮೆಂಟಿನಲ್ಲಿ ಮಾತ್ರ ಇರಲಿ.

ಹೋದ ಬ್ಯಾಚಿನಲ್ಲಿ ಶಿರಾ ಕಡೆಯ ಹುಡುಗಿಯೊಬ್ಬಳಿದ್ದಳು, ಜಾಣೆ. ಸಂಜೆ ಆರಕ್ಕೆ ಇಂಟರ್‌ಫೇಸ್ ಹಾಕಿದಳು. ನಾಲ್ಕಕ್ಕೂ ‘ಸಕ್ಸೆಸ್’ ಎಂದು ಹಸಿರು ಬಂತು.

“ಸರ್, ಎಲ್ಲಾ ಹಸಿರಿದೆ. ಪಿಂಗ್ ಮಾತ್ರ ಹೋಗ್ತಿಲ್ಲ.”

“ಎಲ್ಲಿ ನೋಡಿದ್ಯಮ್ಮ ಇಷ್ಟು ಹೊತ್ತು?”

“ಟಿಯರ್-0 ನೋಡ್ದೆ, ಸೆಗ್ಮೆಂಟ್ ನೋಡ್ದೆ, ಟ್ರಾನ್ಸ್‌ಪೋರ್ಟ್ ಝೋನ್ ನೋಡ್ದೆ. ಎಡ್ಜ್ ಎರಡು ಸಲ ರೀಬೂಟ್ ಮಾಡ್ದೆ ಸರ್.”

“ವಿಸೆಂಟರ್ ತೆಗೆದ್ಯಾ?”

ಸುಮ್ಮನಾದಳು. ತೆಗೆದು ನೋಡಿದರೆ ಪೋರ್ಟ್‌ಗ್ರೂಪಿನ ಹೆಸರಿನಲ್ಲೇ 101 ಎಂದಿತ್ತು, ಒಳಗೆ ವಿಲ್ಯಾನ್ ಖಾನೆಯಲ್ಲೂ 101. ಆ ಹೆಸರಿಟ್ಟವನು ನಾನೇ, ಹಿಂದಿನ ಯಾವುದೋ ಡೆಮೊಗೆ ಮಾಡಿ ಅಳಿಸದೆ ಬಿಟ್ಟಿದ್ದೆ. ಮೂರು ಗಂಟೆ ಹೋಗಿತ್ತು. ಟ್ರಂಕ್ ಮಾಡಿದ ಕೂಡಲೇ ಪಿಂಗ್ ಉತ್ತರ ಸಾಲಾಗಿ ಬರತೊಡಗಿತು. ಆಕೆ ನನ್ನನ್ನು ಏನೂ ಅನ್ನಲಿಲ್ಲ, ಅದು ಆಕೆಯ ದೊಡ್ಡತನ. ಅಂದಿನಿಂದ ಹಳೆಯ ಪೋರ್ಟ್‌ಗ್ರೂಪ್ ಉಳಿಸುವುದನ್ನು ನನಗೂ ಸೇರಿಸಿ ಈ ಲ್ಯಾಬಿನಲ್ಲಿ ನಿಷೇಧಿಸಿದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತೀವಲ್ಲ, ಈ ಹಸಿರಿನದೂ ಅದೇ ಕಥೆ. ‘ಸಕ್ಸೆಸ್’ ಅಂದರೆ ನೀವು ಬರೆದುಕೊಟ್ಟ ಅರ್ಜಿಯನ್ನು ಮ್ಯಾನೇಜರ್ ಸ್ವೀಕರಿಸಿ ಕೆಳಗೆ ಮುಟ್ಟಿಸಿದೆ ಎಂದಷ್ಟೇ. ಆ ಕಡೆಯ ರೂಟರ್ ಮಾತಾಡುತ್ತಿದೆಯೇ, ಪೋರ್ಟ್‌ಗ್ರೂಪ್ ದಾರಿ ಬಿಟ್ಟಿದೆಯೇ, ಇದ್ಯಾವುದೂ ಆ ಹಸಿರಿಗೆ ಗೊತ್ತಿಲ್ಲ.

ನಮ್ಮದು ವಿಎಂ ಒಳಗೆ ಇಎಸ್‌ಎಕ್ಸ್‌ಐ ಓಡಿಸುವ ಲ್ಯಾಬ್ ಆದ್ದರಿಂದ ಇನ್ನೊಂದು ಮಾತು ಸೇರಿಸಬೇಕು. ಹೊರಗಿನ ಪದರದ ಪೋರ್ಟ್‌ಗ್ರೂಪಿನಲ್ಲಿ ಪ್ರಾಮಿಸ್ಕ್ಯುಯಸ್ ಮೋಡ್, ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್ ಎರಡಕ್ಕೂ ಅನುಮತಿ ಕೊಟ್ಟಿದ್ದೇನೆ. ಸೆಕ್ಯುರಿಟಿ ಸರಿಯಿಲ್ಲ ಎಂದು ಅದನ್ನು ‘ರಿಜೆಕ್ಟ್’ ಮಾಡಿ ಉಪಕಾರ ಮಾಡಲು ಬರಬೇಡಿ. ಪ್ರೊಡಕ್ಷನ್ನಿನಲ್ಲಿ ನಿಮ್ಮ ಬುದ್ಧಿ ಸರಿ, ಇಲ್ಲಿ ಅದರಿಂದ ಒಂದಿಡೀ ಸಾಲು ಕುರ್ಚಿಗಳ ಲ್ಯಾಬ್ ಮಲಗುತ್ತದೆ.

ವಿಳಾಸ ಬರೆಯುವಾಗ

ಸೆಗ್ಮೆಂಟಿನ ಗೇಟ್‌ವೇ ಖಾನೆಯಲ್ಲಿ ಗೇಟ್‌ವೇಯ ವಿಳಾಸ ಬರೆಯಬೇಕು, ನೆಟ್‌ವರ್ಕಿನದಲ್ಲ. 172.16.10.1/24 ಸರಿ, 172.16.10.0/24 ತಪ್ಪು. ಕೊನೆಯ /24 ಬಿಟ್ಟರೂ ತೆಗೆದುಕೊಳ್ಳುವುದಿಲ್ಲ. ವಿಎಂ ಒಳಗೆ ಡಿಫಾಲ್ಟ್ ಗೇಟ್‌ವೇ ಎಂದು ಕೊಡುವುದೂ ಇದೇ 172.16.10.1. ಇಲ್ಲಿ 1 ಬರೆದು ಅಲ್ಲಿ 254 ಬರೆದವರು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಾರೆ. ಮನೆಯಲ್ಲಿ ಹಾಗೇ ಅಭ್ಯಾಸ ಎನ್ನುತ್ತಾರೆ.

ಹೊರಗಿನ ರೂಟರಿನ ವಿಳಾಸವನ್ನೇ ಎಡ್ಜ್ ಇಂಟರ್‌ಫೇಸಿಗೆ ಕೊಡಕೂಡದು. ಎರಡು ಎಡ್ಜ್‌ಗಳಿಗೆ ಒಂದೇ ವಿಳಾಸ ಕೊಡಕೂಡದು. ಎರಡೂ ಎಡ್ಜ್ ಸೇರಿ ಒಂದೇ ವಿಳಾಸವಾಗಿ ಕಾಣಬೇಕೆಂದು ಪ್ರಶ್ನೆ ಕೇಳಿದ್ದರೆ ಅದಕ್ಕೇ ಎಚ್‌ಎ ವಿಐಪಿ ಇದೆ: ಆಕ್ಟಿವ್-ಸ್ಟ್ಯಾಂಡ್‌ಬೈನಲ್ಲಿ, ಒಂದೇ ಸಬ್‌ನೆಟ್ಟಿನ ಎರಡು ಎಕ್ಸ್‌ಟರ್ನಲ್ ಇಂಟರ್‌ಫೇಸ್‌ಗಳ ಮೇಲೆ ಮೂರನೆಯ ವಿಳಾಸ. ಹೊರಗಿನ ರೂಟರ್ ಸ್ಟ್ಯಾಟಿಕ್ ರೂಟಿನಲ್ಲಿ ಆ ಮೂರನೆಯದನ್ನೇ ತೋರಿಸಬೇಕು.

ಇಂಟರ್‌ಫೇಸ್ ಹೆಸರಿನ ವಿಷಯ ಸಣ್ಣದು, ಆದರೂ ಹೇಳುತ್ತೇನೆ. ಪ್ರಶ್ನೆಯಲ್ಲಿ ಹೆಸರು ಕೊಟ್ಟಿದ್ದರೆ ಅಕ್ಷರ ಬಿಡದೆ ಅದನ್ನೇ ಇಡಿ, ಅಡ್ಡಗೆರೆ ಎಲ್ಲಿದೆಯೋ ಅಲ್ಲೇ ಇರಲಿ. ಕೊಡದಿದ್ದರೆ ಎಡ್ಜ್ ಮತ್ತು ವಿಲ್ಯಾನ್ ಎರಡೂ ತಿಳಿಯುವ ಹೆಸರಿಡಿ. ‘ಟೆಸ್ಟ್’, ‘ಟೆಸ್ಟ್1’, ‘ಟೆಸ್ಟ್ ಫೈನಲ್’ ನಡೆಯುವುದಿಲ್ಲ.

ಎರಡು ತಂತಿ, ಎರಡು ದಾರಿ

ವಿಲ್ಯಾನ್ 101 ಒಂದು ಕಾರ್ಡಿನಿಂದ, 102 ಇನ್ನೊಂದರಿಂದ ಹೋಗಬೇಕೆಂದರೆ ನೇಮ್ಡ್ ಟೀಮಿಂಗ್ ಪಾಲಿಸಿ ಹಾಕತಕ್ಕದ್ದು. ಆ ಹೆಸರನ್ನು ಅಪ್‌ಲಿಂಕ್ ಪ್ರೊಫೈಲಿನಲ್ಲಿ ಬರೆದು, ಅದೇ ಹೆಸರನ್ನು ವಿಲ್ಯಾನ್ ಟ್ರಾನ್ಸ್‌ಪೋರ್ಟ್ ಝೋನಿನಲ್ಲೂ ಸೇರಿಸಿ, ಆಮೇಲೆ ಸೆಗ್ಮೆಂಟಿನಲ್ಲಿ ಆರಿಸಬೇಕು. ಮೂರರಲ್ಲಿ ಒಂದನ್ನು ಬಿಟ್ಟರೆ ಆಯ್ಕೆಯೇ ಕಾಣುವುದಿಲ್ಲ, ಅಥವಾ ಕಂಡರೂ ಕೆಲಸಕ್ಕೆ ಬಾರದು. ಸೆಗ್ಮೆಂಟಿನ ಟ್ರಾನ್ಸ್‌ಪೋರ್ಟ್ ಝೋನ್ ಎಡ್ಜ್ ಸೇರಿರುವ ವಿಲ್ಯಾನ್ ಝೋನೇ ಆಗಿರಲಿ. ಹೋಸ್ಟುಗಳು ಮಾತ್ರ ಸೇರಿರುವ ಝೋನ್ ಆರಿಸಿದರೆ ಎಡ್ಜಿಗೆ ಆ ಸೆಗ್ಮೆಂಟಿನ ಸುದ್ದಿಯೇ ತಲುಪುವುದಿಲ್ಲ.

ಬಿಜಿಪಿ: ‘ಆಕ್ಟಿವ್’ ಎಂಬ ಸುಳ್ಳು

ಪಿಂಗ್ ಹೋಗದೆ ಬಿಜಿಪಿ ಮುಟ್ಟಬೇಡಿ. ಎಡ್ಜಿನಿಂದ ರೂಟರಿಗೆ ನಾಲ್ಕು ಗೆರೆಗಳಲ್ಲೂ ಪಿಂಗ್ ಹೋಗಬೇಕು. ಹೋಗದಿದ್ದರೆ ಹಿಂದಿನ ಭಾಗಗಳಿಗೆ ವಾಪಸ್. ಬಿಜಿಪಿ ಓಡುವುದು ಟಿಸಿಪಿ 179ರ ಮೇಲೆ. ಕೆಳಗಿನ ನೆಲವೇ ಇಲ್ಲದೆ ಗೋಡೆ ಏಳುವುದಿಲ್ಲ.

ಎಎಸ್ ಸಂಖ್ಯೆಯನ್ನು ನೋಡಿಯೇ ಬರೆಯಿರಿ. ಟಿಯರ್-0ರಲ್ಲಿ ಮೊದಲೇ 65000 ಎಂದು ತುಂಬಿರುತ್ತದೆ. ಪ್ರಶ್ನೆ 65001 ಕೇಳಿದ್ದರೂ ತುಂಬಿದ್ದನ್ನು ನೋಡಿ ಸಮಾಧಾನಪಟ್ಟು ಮುಂದೆ ಹೋಗುವವರಿದ್ದಾರೆ. ರೂಟರ್ 65001ಕ್ಕೆ ಕಾದು ಕೂತಿದೆ, ನೀವು 65000 ಎಂದು ಪರಿಚಯ ಹೇಳಿಕೊಳ್ಳುತ್ತೀರಿ, ಅದು ಬಾಗಿಲು ಹಾಕುತ್ತದೆ. ಖಾಸಗಿ ಬಳಕೆಯ 16 ಬಿಟ್ ಸಂಖ್ಯೆಗಳು 64512ರಿಂದ 65534ರವರೆಗೆ, ಅದನ್ನು ಬಾಯಿಪಾಠ ಮಾಡಿ. ಆಯ್ಕೆಯ ಪ್ರಶ್ನೆಗೂ ಉಪಯೋಗ.

ನೆರೆಯ ರೂಟರಿನ ಎಂಟ್ರಿಯಲ್ಲಿ ಸೋರ್ಸ್ ಅಡ್ರೆಸ್ ಎಂಬ ಖಾನೆ ಇದೆ. 192.168.101.1ಕ್ಕೆ 101ರ ಎರಡು ಎಡ್ಜ್ ವಿಳಾಸಗಳು, 192.168.102.1ಕ್ಕೆ 102ರವು. ಅಡ್ಡಾದಿಡ್ಡಿ ಆರಿಸಬೇಡಿ. ಲೂಪ್‌ಬ್ಯಾಕ್‌ನಿಂದ ಮಾತಾಡಬೇಕೆಂದು ಪ್ರಶ್ನೆ ಹೇಳಿದ್ದರೆ ಹಾಪ್ ಮಿತಿ 1ರಲ್ಲೇ ಬಿಟ್ಟರೆ ಆಗದು, ಏರಿಸಬೇಕು. ಮತ್ತು ಎದುರು ರೂಟರಿಗೆ ನಿಮ್ಮ ಲೂಪ್‌ಬ್ಯಾಕ್ ತಲುಪುವ ದಾರಿ ಗೊತ್ತಿರಬೇಕು.

ಇನ್ನು ಸ್ಥಿತಿ ಓದುವುದು. ‘ಆಕ್ಟಿವ್’ ಎಂದು ಕಂಡು ಕೈ ಕುಲುಕಿದ ಗೆಳೆಯರನ್ನು ನೋಡಿದ್ದೇನೆ. ಬಿಜಿಪಿಯಲ್ಲಿ ಆಕ್ಟಿವ್ ಅಂದರೆ ಸಂಪರ್ಕ ಸಿಗದೆ ಇನ್ನೂ ಒದ್ದಾಡುತ್ತಿದೆ ಎಂದರ್ಥ. ಸರಿಯಾದ ಸ್ಥಿತಿ ‘ಎಸ್ಟಾಬ್ಲಿಷ್ಡ್’ ಒಂದೇ. ಬೇರೆ ಯಾವ ಪದ ಕಂಡರೂ ಕುರ್ಚಿ ಬಿಡಕೂಡದು. ಕೀಪ್‌ಅಲೈವ್ 60 ಸೆಕೆಂಡ್, ಹೋಲ್ಡ್‌ಡೌನ್ 180 ಸೆಕೆಂಡ್ ತಾನಾಗಿ ಬಂದಿರುತ್ತದೆ. ಲಿಂಕ್ ಕಿತ್ತು ಪರೀಕ್ಷೆ ಮಾಡುವವರು ಮೂರು ನಿಮಿಷ ಕಾಯುವ ತಾಳ್ಮೆ ಇಟ್ಟುಕೊಳ್ಳಿ, ಇಲ್ಲವೇ ಬಿಎಫ್‌ಡಿ ಹಾಕಿ. ಎಡ್ಜ್ ವಿಎಂನಲ್ಲಿ ಬಿಎಫ್‌ಡಿ ಕಾಲವನ್ನು 500 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಸಲು ಹೋಗಬೇಡಿ. 50 ಮಿಲಿಸೆಕೆಂಡಿನ ಮಾತು ಬೇರ್ ಮೆಟಲ್ ಎಡ್ಜಿಗೆ.

ರೂಟಿಗೆ ಎರಡು ಬಾಗಿಲು

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಗಾದೆ. ಎನ್‌ಎಸ್‌ಎಕ್ಸ್ ಊರಿನಲ್ಲಿ ಬರುವುದಿಲ್ಲ. ಸೆಗ್ಮೆಂಟು ಟಿಯರ್-1ಕ್ಕೆ ಬಂದ ಮಾತ್ರಕ್ಕೆ ಟಿಯರ್-0ಕ್ಕೆ ಅದರ ಸುದ್ದಿ ಹೋಗುವುದಿಲ್ಲ; ಟಿಯರ್-0ಕ್ಕೆ ಹೋದ ಮಾತ್ರಕ್ಕೆ ಹೊರಗಿನ ರೂಟರಿಗೆ ಹೋಗುವುದಿಲ್ಲ. ಎರಡು ಕಡೆ ಕೈಯಾರೆ ಬಾಗಿಲು ತೆರೆಯಬೇಕು.

ಟಿಯರ್-1ರ ರೂಟ್ ಅಡ್ವರ್ಟೈಸ್‌ಮೆಂಟಿನಲ್ಲಿ ‘ಕನೆಕ್ಟೆಡ್ ಸೆಗ್ಮೆಂಟ್ಸ್ ಮತ್ತು ಸರ್ವಿಸ್ ಪೋರ್ಟ್ಸ್’ ಗುಂಡಿ ಒತ್ತಿ. ನ್ಯಾಟ್ ಇದ್ದರೆ ಅದಕ್ಕೆ ಬೇರೆ ಗುಂಡಿ, ಲೋಡ್ ಬ್ಯಾಲೆನ್ಸರ್ ವಿಐಪಿಗೆ ಬೇರೆ ಗುಂಡಿ. ಟಿಯರ್-0ರ ರೀಡಿಸ್ಟ್ರಿಬ್ಯೂಷನ್ನಿನಲ್ಲಿ ಟಿಯರ್-1ರಿಂದ ಬಂದದ್ದನ್ನು ಟಿಕ್ ಮಾಡಿ, ರೀಡಿಸ್ಟ್ರಿಬ್ಯೂಷನ್ ಸ್ಟೇಟಸ್ ಎಂಬ ಸ್ವಿಚ್ಚನ್ನೂ ಆನ್ ಮಾಡಿ. ಬಹಳ ಜನ ಟಿಕ್ ಮಾಡಿ ಸ್ವಿಚ್ ಮರೆಯುತ್ತಾರೆ.

‘ಎಲ್ಲಾ ಆನ್ ಮಾಡಿಬಿಡ್ತೀನಿ, ಬೇಕಾದ್ದು ಅದರಲ್ಲೇ ಬಂತಲ್ಲ’ ಎಂಬ ಯೋಚನೆ ಬೇಡ. ನ್ಯಾಟ್ ಹಿಂದೆ ಬಚ್ಚಿಡಬೇಕಾದ ಸೆಗ್ಮೆಂಟ್ ಕೂಡ ಹೊರಗೆ ಜಾಹೀರಾಗುತ್ತದೆ. ಪ್ರಶ್ನೆ ಕೇಳಿದ್ದನ್ನು ಮಾಡಿ, ಕೇಳದ್ದನ್ನು ಮುಟ್ಟಬೇಡಿ. ಬ್ಯಾಂಕ್ ಚಲನ್ ತುಂಬುವವರು ಹೇಗೆ ತಮಗೆ ಬೇಕಾದ ಖಾನೆ ಮಾತ್ರ ತುಂಬುತ್ತಾರೋ ಹಾಗೆ.

ಯುಆರ್‌ಪಿಎಫ್, ಎಂಟಿಯು

ಎಕ್ಸ್‌ಟರ್ನಲ್ ಇಂಟರ್‌ಫೇಸಿನಲ್ಲಿ ಯುಆರ್‌ಪಿಎಫ್ ತಾನಾಗಿ ‘ಸ್ಟ್ರಿಕ್ಟ್’ ಆಗಿರುತ್ತದೆ. ಒಳಬಂದ ಪ್ಯಾಕೆಟ್ಟಿನ ಮೂಲಕ್ಕೆ ಮರಳುವ ದಾರಿ ಅದೇ ಇಂಟರ್‌ಫೇಸಿನಲ್ಲಿ ಇಲ್ಲದಿದ್ದರೆ ಬೀಳಿಸು ಎಂಬುದು ಅದರ ಧರ್ಮ. ಹೋಗುವ ದಾರಿ ಬರುವ ದಾರಿ ಬೇರೆಯಾಗಿರುವ ಜಾಲದಲ್ಲಿ ಇದು ಕೆಲವು ಪ್ಯಾಕೆಟ್ ನುಂಗುತ್ತದೆ, ಎಲ್ಲವನ್ನೂ ಅಲ್ಲ. ಅದಕ್ಕೇ ಹಿಡಿಯುವುದು ಕಷ್ಟ. ಪ್ರಶ್ನೆಯಲ್ಲಿ ಅಸಿಮೆಟ್ರಿಕ್ ಎಂಬ ಪದ ಇದ್ದರೆ ‘ನನ್’ ಮಾಡಿ. ಇಲ್ಲದಿದ್ದರೆ ಅದು ಇದ್ದಲ್ಲೇ ಇರಲಿ. ಪಿಂಗ್ ಹೋಗದ ಪ್ರತಿ ಸಲವೂ ಮೊದಲ ಔಷಧಿಯಾಗಿ ಯುಆರ್‌ಪಿಎಫ್ ಆಫ್ ಮಾಡುವುದು ತಲೆನೋವಿಗೆ ಹಲ್ಲು ಕೀಳಿಸಿದ ಹಾಗೆ.

ಎಂಟಿಯು ಎರಡು, ಕಲಸಬೇಡಿ. ಗೇಟ್‌ವೇ ಇಂಟರ್‌ಫೇಸಿನದು 1500, ಹೊರಗಿನ ರೂಟರಿನ ಜೊತೆ ಹೊಂದಬೇಕಾದದ್ದು ಅದು. ಟನಲ್ ಎಂಡ್‌ಪಾಯಿಂಟಿನದು ಬೇರೆ. ಒಳಗಿನ ಫ್ರೇಮಿನ ಮೇಲೆ ಜೆನೀವ್ ಹೊದಿಕೆ ಬರುವುದರಿಂದ ಅಲ್ಲಿ ಕನಿಷ್ಠ 1600 ಬೇಕು, 1700 ಇಟ್ಟರೆ ಒಳ್ಳೆಯದು. ಜೆನೀವ್ ಓಡುವುದು ಯುಡಿಪಿ 6081ರಲ್ಲಿ. 1600 ನಿಜಕ್ಕೂ ದಾಟುತ್ತಿದೆಯೇ ಎಂದು ಹೋಸ್ಟಿನಿಂದ ವಿಎಂಕೆಪಿಂಗ್ ಮಾಡಿ ನೋಡಿ, ಟನಲ್ಲಿನ ನೆಟ್‌ಸ್ಟ್ಯಾಕ್ ಆರಿಸಿ, ತುಂಡು ಮಾಡಬೇಡ ಎಂಬ ಆಯ್ಕೆ ಸೇರಿಸಿ, ಅಳತೆ 1572 ಕೊಟ್ಟು. 1600ರಲ್ಲಿ ಐಪಿ ಹೆಡರಿನ 20, ಐಸಿಎಂಪಿಯ 8 ಕಳೆದರೆ ಅಷ್ಟೇ ಉಳಿಯುವುದು. ಅಳತೆ ಕೊಡದೆ ಸಾದಾ ಪಿಂಗ್ ಮಾಡಿ ‘ಸರಿಯಿದೆ’ ಎನ್ನಕೂಡದು. ಎಂಟಿಯು ತಪ್ಪಿದ ಜಾಲದ ಲಕ್ಷಣವೇ ಅದು: ಸಣ್ಣ ಪಿಂಗ್ ಹೋಗುತ್ತದೆ, ಲಾಗಿನ್ ಪುಟವೂ ತೆರೆಯುತ್ತದೆ, ಫೈಲ್ ಕಳಿಸಿದರೆ ನಿಂತುಬಿಡುತ್ತದೆ.

ಎಡ್ಜಿನ ಟನಲ್ ವಿಲ್ಯಾನ್, ಹೋಸ್ಟಿನ ಟನಲ್ ವಿಲ್ಯಾನ್ ನಮ್ಮ ಲ್ಯಾಬಿನಲ್ಲಿ ಬೇರೆ ಬೇರೆ. 3.1ರಿಂದ ಈಚೆಗೆ ಎಡ್ಜ್ ಕಾರ್ಡುಗಳನ್ನು ಎನ್‌ಎಸ್‌ಎಕ್ಸ್ ಸೆಗ್ಮೆಂಟಿಗೇ ಸಿಕ್ಕಿಸಿದರೆ ಒಂದೇ ವಿಲ್ಯಾನ್ ಇಡಬಹುದು. ಇಲ್ಲಿ ಹಾಗೆ ಮಾಡಿಲ್ಲ, ನೀವೂ ಮಾಡಬೇಡಿ.

ನೋಡಿ ನಂಬುವುದು ಹೇಗೆ

ಎಡ್ಜಿಗೆ ಅಡ್ಮಿನ್ ಆಗಿ ಒಳಗೆ ಹೋಗಿ ಲಾಜಿಕಲ್ ರೂಟರ್‌ಗಳ ಪಟ್ಟಿ ಕೇಳಿ. ಹೊಸ ಆವೃತ್ತಿಯಲ್ಲಿ ಪದ ಬೇರೆಯಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಮುಂದಿನ ಪದವನ್ನು ಅದೇ ಹೇಳುತ್ತದೆ. ಪಟ್ಟಿಯಲ್ಲಿ ವಿಆರ್‌ಎಫ್ ಸಂಖ್ಯೆ, ಹೆಸರು, ಬಗೆ ಕಾಣುತ್ತವೆ. 0 ಎಂಬುದು ಟನಲ್ಲಿನದು. ನಿಮ್ಮ ಟಿಯರ್-0ರ ಹೆಸರಿನಲ್ಲಿ ಎರಡು ಸಾಲು ಇರುತ್ತವೆ, ಒಂದು ಡಿಸ್ಟ್ರಿಬ್ಯೂಟೆಡ್, ಒಂದು ಸರ್ವಿಸ್. ಬಿಜಿಪಿ ಇರುವುದು ಸರ್ವಿಸ್ ರೂಟರಿನಲ್ಲಿ. ಡಿಸ್ಟ್ರಿಬ್ಯೂಟೆಡ್ ವಿಆರ್‌ಎಫ್ ಹೊಕ್ಕು ‘ನೇಬರ್ ಒಬ್ಬನೂ ಇಲ್ಲ’ ಎಂದು ಕೂಗಬೇಡಿ, ನೀವು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೀರಿ.

ಸರ್ವಿಸ್ ವಿಆರ್‌ಎಫ್ ಒಳಗೆ ಈ ಕ್ರಮದಲ್ಲೇ ನೋಡತಕ್ಕದ್ದು: ಇಂಟರ್‌ಫೇಸ್ ವಿಳಾಸ, ರೂಟರಿಗೆ ಪಿಂಗ್, ಬಿಜಿಪಿ ನೇಬರ್ ಸಮ್ಮರಿ, ರೂಟ್ ಪಟ್ಟಿ. ಅದಾದ ಮೇಲೆ ಎರಡನೆಯ ಎಡ್ಜಿಗೆ ಹೋಗಿ ಇದೇ ನಾಲ್ಕನ್ನು ಮತ್ತೆ ನೋಡಿ. ಒಂದು ಎಡ್ಜ್ ನೋಡಿ ಇನ್ನೊಂದೂ ಹಾಗೇ ಇರುತ್ತದೆ ಎಂದುಕೊಳ್ಳುವುದು ಈ ಲ್ಯಾಬಿನಲ್ಲಿ ಅಪರಾಧ. ಕೊನೆಗೆ ಹೊರಗಿನ ರೂಟರಿಗೂ ಹೋಗಿ. 172.16.10.0/24ಕ್ಕೆ ಅಲ್ಲಿ ದಾರಿ ಕಾಣುತ್ತಿದೆಯೇ, ಎಷ್ಟು ದಾರಿ? ಆಕ್ಟಿವ್-ಆಕ್ಟಿವ್‌ನಲ್ಲಿ ಒಂದೇ ಕಂಡರೆ ಸಾಮಾನ್ಯವಾಗಿ ರೂಟರಿನ ಕಡೆ ಮಲ್ಟಿಪಾತ್ ಹಾಕಿಲ್ಲ. ಅದನ್ನೆಲ್ಲ ನೋಡಿದ ಮೇಲೆ ವಿಎಂನಿಂದ ಹೊರಗೆ ಪಿಂಗ್. ಈ ಪಿಂಗನ್ನು ಮೊದಲು ಮಾಡಿದವರಿಗೆ ‘ಹೋಗ್ತಿಲ್ಲ’ ಎಂಬುದು ಬಿಟ್ಟು ಇನ್ನೇನೂ ತಿಳಿಯುವುದಿಲ್ಲ.

ಲ್ಯಾಬಿನ ಶಿಸ್ತು

ಎನ್‌ಎಸ್‌ಎಕ್ಸ್ ಅಡ್ಮಿನ್ ಪಾಸ್‌ವರ್ಡ್ 90 ದಿನಕ್ಕೆ ಮುಗಿಯುತ್ತದೆ. ನಿಮ್ಮ ಸರದಿಯಲ್ಲಿ ಅದು ಕೇಳಿದರೆ ಬದಲಿಸಿ, ಹೊಸದನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಬದಲಿಸಿ ಮನೆಗೆ ಹೋಗಿ ಫೋನ್ ಆಫ್ ಮಾಡಿದವರಿಗೆ ಮುಂದಿನ ವಾರ ಲ್ಯಾಬ್ ಇಲ್ಲ. ಎಡ್ಜ್ ಅಳಿಸುವ ಮೊದಲು ಅದರ ಮೇಲಿನ ಇಂಟರ್‌ಫೇಸ್ ಅಳಿಸಿ, ಸೆಗ್ಮೆಂಟ್ ಅಳಿಸುವ ಮೊದಲು ಅದಕ್ಕೆ ಅಂಟಿರುವ ಪೋರ್ಟುಗಳನ್ನು ಬಿಡಿಸಿ. ಕಟ್ಟಿದ ಕ್ರಮಕ್ಕೆ ಉಲ್ಟಾ. ಸಣ್ಣ ಗಾತ್ರದ ಎಡ್ಜ್, ಅಂದರೆ 2 ವಿಸಿಪಿಯು, 4 ಜಿಬಿಯದು, ನಿಮಗೆ ಸಾಕು. ದೊಡ್ಡದು 8 ವಿಸಿಪಿಯು, 32 ಜಿಬಿ ನುಂಗುತ್ತದೆ. ನೀವು ಒಂದು ದೊಡ್ಡದು ಏಳಿಸಿದರೆ ಪಕ್ಕದವರ ಮ್ಯಾನೇಜರ್ ಉಸಿರುಗಟ್ಟುತ್ತದೆ.

ಡಂಪ್ ತರಕೂಡದು. ‘ಅಣ್ಣ ಕಳಿಸಿದ ಪಿಡಿಎಫ್’ ಎಂಬ ಹೆಸರಿನಲ್ಲೂ ತರಕೂಡದು. ಪರೀಕ್ಷೆಗೆ ಕೂರುವ ಮೊದಲು ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಒಪ್ಪಿ ಗುಂಡಿ ಒತ್ತಿರುತ್ತೀರಿ, ಮತ್ತು ಆ ಪಿಡಿಎಫ್‌ಗಳಲ್ಲಿ ಉತ್ತರ ತಪ್ಪಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಯುಆರ್‌ಪಿಎಫ್ ತಾನಾಗಿ ‘ನನ್’ ಆಗಿರುತ್ತದೆ ಎಂದು ಒಂದರಲ್ಲಿ ಬರೆದಿತ್ತು.

ಪರೀಕ್ಷೆಯ ದಿನ

ವಿಎಂವೇರ್ ಪರೀಕ್ಷೆಗಳ ಅಂಕ 100ರಿಂದ 500ರ ಅಳತೆಯಲ್ಲಿ, ಪಾಸಿಗೆ 300. ಅದು ಶೇಕಡಾ ಅಲ್ಲ, ಲೆಕ್ಕ ಹಾಕುತ್ತ ಕೂರಬೇಡಿ. ಆಯ್ಕೆಯ ಪ್ರಶ್ನೆಗಳಲ್ಲಿ ‘ಎರಡನ್ನು ಆರಿಸಿ’ ಎಂದಿದ್ದರೆ ಎರಡೇ ಆರಿಸಿ. ಕೈಯಾರೆ ಮಾಡಿ ತೋರಿಸುವ ಮಾದರಿಯದಾದರೆ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರಬೇಡಿ. ಆದರೆ ಮುಂದಿನ ಕೆಲಸ ಈ ಗೇಟ್‌ವೇಯ ಮೇಲೇ ನಿಂತಿದೆಯೇ ಎಂದು ಮೊದಲೇ ಓದಿಕೊಳ್ಳಿ. ನಿಂತಿದ್ದರೆ ಬಿಟ್ಟು ಹೋಗುವ ಹಾಗಿಲ್ಲ.

ಪಿಯರ್ಸನ್ ವ್ಯೂ ಸೆಂಟರಿನಲ್ಲಿ ಹಾಳೆ, ಪೆನ್ನು ಒಳಗೆ ಬಿಡುವುದಿಲ್ಲ. ಒರೆಸಿ ಬರೆಯುವ ಬೋರ್ಡು ಕೊಡುತ್ತಾರೆ. ಕೂತ ಕೂಡಲೇ ಮೇಲೆ ಹೇಳಿದ ಚಿತ್ರವನ್ನು ಅದರ ಮೇಲೆ ಬರೆಯಿರಿ. ಲ್ಯಾಬಿನಲ್ಲಿ ಹಾಳೆಯ ಅಭ್ಯಾಸ ಮಾಡಿಸುವುದು ಇದಕ್ಕೇ.

ಹೆಸರು ನೋಂದಾಯಿಸುವಾಗ ಗುರುತಿನ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ ಬರೆಯಿರಿ. ನಮ್ಮ ಕಡೆಯವರ ಇನಿಷಿಯಲ್ ತಾಪತ್ರಯ ನಿಮಗೆ ಗೊತ್ತೇ ಇದೆ: ಒಂದು ಚೀಟಿಯಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಒಂದೊಂದೇ ಅಕ್ಷರವಾಗಿ ಮುಂದೆ ನಿಂತಿರುತ್ತವೆ, ಇನ್ನೊಂದರಲ್ಲಿ ಪೂರ್ತಿ ಬಿಡಿಸಿ ಹಿಂದೆ ಬಂದಿರುತ್ತವೆ. ಸೆಂಟರಿನವರು ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡುತ್ತಾರೆ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಹಣವೂ ಹೋಗಬಹುದು. ಬುಕ್ ಮಾಡುವ ಮೊದಲು ಚೀಟಿ ತಂದು ನನಗೆ ತೋರಿಸಿ. ಲ್ಯಾಬ್ ಬೀಗದ ಕೈ ನನ್ನ ಹತ್ತಿರ ಬೆಳಗ್ಗೆ ಒಂಬತ್ತರಿಂದ ಇರುತ್ತದೆ.